ಹಾಲವ್ವನ ಅಣಕು ಬೆಂಕಿ

ಹಾಲವ್ವ ಅಪಾರ್ಟ್‌ಮೆಂಟಿನ ಸೆಕ್ರೆಟರಿಯಾದದ್ದು ಟೆರೇಸಿನ ಬೀಗದ ಕೈ ಕೇಳಲು ಹೋಗಿ.

ಶಿಗ್ಗಾಂವಿಯಲ್ಲಿ ಹೆದ್ದಾರಿಗೆ ಹತ್ತಿರ ಇರುವ ಆ ನಾಲ್ಕಂತಸ್ತಿನ ಕಟ್ಟಡಕ್ಕೆ ಸಂಗಮ ಎಂದು ಹೆಸರು. ಕಟ್ಟಿಸಿದವರು ಏನು ಯೋಚಿಸಿ ಇಟ್ಟರೋ, ಹಾನಗಲ್ಲಿನವರು, ಸವಣೂರಿನವರು, ಹಿರೇಕೆರೂರಿನವರು ಎಲ್ಲ ಒಂದೊಂದು ಕಾರಣಕ್ಕೆ ಬಂದು ಅಲ್ಲಿ ಕೂಡಿಕೊಂಡಿದ್ದರು. ಮಾಸೂರಿನಲ್ಲಿ ಹುಟ್ಟಿದ ಹಾಲವ್ವ ಮೂರನೆಯ ಮಹಡಿಗೆ ಬಂದದ್ದು ಗಂಡ ಪರಮೇಶಪ್ಪ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಮೇಲೆ. ಅವಳಿಗೆ ಆ ಮನೆಯಲ್ಲಿ ಎಲ್ಲವೂ ಹಿಡಿಸಿತ್ತು, ಅಂಗಳ ಇಲ್ಲದ್ದೊಂದನ್ನು ಬಿಟ್ಟು. ಬೇಸಿಗೆ ಬಂತೆಂದರೆ ಸಂಡಿಗೆ ಹಾಕಲು ಕೈ ತುರಿಸುತ್ತಿತ್ತು.

ಮಾರ್ಚಿನ ಒಂದು ಸಂಜೆ ಕೆಳಗೆ ಪಾರ್ಕಿಂಗಿನಲ್ಲಿ ನಿವಾಸಿಗಳ ಸಭೆ ನಡೆದಿತ್ತು. ಹಳೆಯ ಸೆಕ್ರೆಟರಿ ಮೃತ್ಯುಂಜಯ ಸಾಹೇಬರು ಹಾನಗಲ್ಲಿನ ಕಡೆಯವರು, ಸರಕಾರಿ ನೌಕರಿಯಿಂದ ನಿವೃತ್ತರಾದವರು. ಇನ್ನು ತಮ್ಮಿಂದಾಗದು, ಯಾರಾದರೂ ಮುಂದೆ ಬರಬೇಕು ಎಂದು ಅವರು ಹೇಳಿ ಎಷ್ಟೋ ಹೊತ್ತಾಗಿತ್ತು. ಎಲ್ಲರೂ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದರು. ಆಗ ಹಾಲವ್ವ ಲಿಫ್ಟಿನಿಂದ ಇಳಿದು ಬಂದಳು.

"ಸಾಹೇಬ್ರ, ಟೆರೇಸಿನ ಚಾವಿ ಯಾರ ಕಡೆ ಇರತೈತ್ರಿ? ಸಂಡಿಗಿ ಹಾಕಬೇಕಾಗೇತಿ."

"ಸೆಕ್ರೆಟರಿ ಕಡೆ ಇರತೈತಿ."

"ಹಂಗಾರ ಅದನ್ನ ನನಗ ಕೊಟ್ಟಬಿಡ್ರಿ."

ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಸಂಡಿಗೆಯ ಮೇಲೆ ಜನಕ್ಕೆ ಇಷ್ಟೊಂದು ಪ್ರೀತಿಯೇ ಎಂದು ಹಾಲವ್ವನಿಗೆ ಮೊದಲು ಆಶ್ಚರ್ಯವಾಯಿತು. ಮೃತ್ಯುಂಜಯ ಸಾಹೇಬರು ಚಾವಿಯ ಗೊಂಚಲು, ಮುದ್ರೆ, ಒಂದು ಹಳದಿ ಬಣ್ಣದ ಫೈಲು ಎಲ್ಲವನ್ನೂ ಅವಳ ಕೈಗೆ ಹೇರಿ ಉಸ್ಸೆಂದು ಕುಳಿತಾಗಲೇ ಅವಳಿಗೆ ಏನಾಯಿತೆಂದು ತಿಳಿದದ್ದು.

ಫೈಲಿನಲ್ಲಿ ಮೇಲುಗಡೆಯೇ ಬೇಸಿಗೆಯ ಸೂಚನೆಗಳಿದ್ದವು. ಸಾಹೇಬರು ಪ್ರತಿ ವರ್ಷ ಅದನ್ನೇ ಲಿಫ್ಟಿನ ಪಕ್ಕ ಅಂಟಿಸುತ್ತಿದ್ದರು. "ಗ್ರೀಷ್ಮ ಋತುವಿನ ನಿಮಿತ್ತ ಸಮುಚ್ಚಯದ ಸಮಸ್ತ ನಿವಾಸಿಗಳು ತಪ್ಪದೆ ಪಾಲಿಸತಕ್ಕ ಸುರಕ್ಷತಾ ಹಾಗೂ ನಿರ್ವಹಣಾ ಕ್ರಮಗಳು" ಎಂದು ಅದರ ಮೊದಲ ಸಾಲು. ಹಾಲವ್ವ ಆ ಸಾಲನ್ನು ಎರಡು ಸಲ ಓದಿ, ಎದುರುಮನೆಯ ಹಾಜರಾಬಿಯ ಬಾಗಿಲು ತಟ್ಟಿದಳು.

ಹಾಜರಾಬಿ ಸವಣೂರಿನವಳು. ಅವಳ ಗಂಡ ನಬೀಸಾಬ ಎಲೆ ವ್ಯಾಪಾರಿ, ಆ ಮನೆಯೊಳಗೆ ಕಾಲಿಟ್ಟರೆ ಎಳೆಯ ವೀಳ್ಯದೆಲೆಯ ವಾಸನೆ. ಹಾಜರಾಬಿ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದನ್ನ ಓದಿ ಮುಗಿಸೂದ್ರೊಳಗ ಬೇಸಿಗಿನೂ ಮುಗಿತೈತಿ ಹಾಲಕ್ಕ. ನೀ ಬಾಯಿಲೆ ಹೇಳು. ಮೊಬೈಲಿನ್ಯಾಗ ಮಾತಾಡಿ ಗ್ರೂಪಿಗೆ ಬಿಡು."

"ನನಗ ಹಂಗ ಚೆಂದಾಗಿ ಮಾತಾಡಾಕ ಬರೂದಿಲ್ಲ."

"ನನ್ನ ಕೂಡ ಮಾತಾಡಿದಂಗ ಮಾತಾಡು."

ಹಾಗೆಯೇ ಮಾತಾಡಿದಳು. ಮರುದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನವರೆಲ್ಲ ಚಹಾ ಕುಡಿಯುತ್ತ ಕೇಳಿದ್ದು ಇದು:

"ನಾ ಹಾಲವ್ವ ಮಾತಾಡಾಕತ್ತೇನಿ, ಸೆಕ್ರೆಟರಿ. ಕೂಲರಿನ್ಯಾಗಿನ ನೀರ ಎಂದ ಬದಲಿ ಮಾಡೀರಿ? ನೆನಪ ಇಲ್ಲಂದ್ರ ಈಗ ಎದ್ದು ಹೋಗಿ ಚೆಲ್ರಿ. ಅದರಾಗ ಸೊಳ್ಳಿ ಸಂಸಾರ ಹೂಡ್ಯಾವ. ಅವುಗಳ ಬಾಣಂತನ ನಮಗ್ಯಾಕ ಬೇಕು? ಚೆಲ್ಲೂದು ಅಂದ್ರ ಗ್ಯಾಲರಿಯಿಂದ ಕೆಳಗಿನವರ ತಲಿ ಮ್ಯಾಲೆ ಅಲ್ರೀ ಮತ್ತ, ಗಿಡದ ಬುಡಕ್ಕ."

ಅರ್ಧ ಗಂಟೆಯಲ್ಲಿ ಎಲ್ಲ ಮನೆಗಳಿಂದ ಕೂಲರು ತೊಳೆಯುವ ಸದ್ದು ಕೇಳಿಬಂತು. ಹಾಲವ್ವ ಗ್ಯಾಲರಿಯಲ್ಲಿ ನಿಂತು ಆ ಸದ್ದನ್ನು ಕೇಳಿದಳು. ತನ್ನ ಮಾತಿಗೆ ಇಷ್ಟು ಜನ ಒಟ್ಟಿಗೆ ಅಲ್ಲಾಡಿದ್ದನ್ನು ಅವಳು ಬದುಕಿನಲ್ಲಿ ಕಂಡಿರಲಿಲ್ಲ. ಮನೆಯಲ್ಲಿ ಒಂದು ಫ್ಯಾನು ಆರಿಸಲು ಪರಮೇಶಪ್ಪನಿಗೆ ಮೂರು ಸಲ ಹೇಳಬೇಕಿತ್ತು.

ಅಂದಿನಿಂದ ದಿನಕ್ಕೊಂದು ಸೂಚನೆ. ನೀರಿನ ತೊಟ್ಟಿಯ ಮುಚ್ಚಳ ತೆರೆದಿಡಬ್ಯಾಡ್ರಿ, ಕೂಸು ಕುನ್ನಿ ಓಡಾಡತಾವ. ಸ್ಕೂಟರಿನ ಬ್ಯಾಟರಿ ಚಾರ್ಜಿಗಿಟ್ಟು ಮಲಗಬ್ಯಾಡ್ರಿ, ಅದಕ್ಕೂ ಸೆಕಿ ಆಗತೈತಿ. ದೇವರ ಮುಂದ ದೀಪ ಹಚ್ಚಿ ಪರದೆ ಹಾರಾಡಾಕ ಬಿಟ್ಟು ಪ್ಯಾಟಿಗೆ ಹೋಗಬ್ಯಾಡ್ರಿ, ದೇವರು ಎದ್ದು ಬಂದು ಪರದೆ ಹಿಡಿಯೂದಿಲ್ಲ. ಜನ ಅವನ್ನು ಕೇಳಿದರು, ಮಾಡಿದರು, ತಮ್ಮ ತಮ್ಮ ಊರಿಗೆ ಕಳಿಸಿದರು. ಮಾಸೂರಿನಿಂದ ಅವಳ ತಂಗಿ ಫೋನು ಮಾಡಿ, ಸೊಳ್ಳೆಯ ಮಾತು ಗದ್ದೆಗೆ ಹೋಗುವ ಹೆಣ್ಣುಮಕ್ಕಳ ಟಂಟಂ ಗಾಡಿಯಲ್ಲೂ ಕೇಳುತ್ತಿದೆ ಎಂದಳು. ಸವಣೂರಿನಲ್ಲಿ ಹಾಜರಾಬಿಯ ನಾದಿನಿ, ಇವತ್ತಿನದು ಇನ್ನೂ ಯಾಕೆ ಬಂದಿಲ್ಲ ಎಂದು ಕೇಳಿದಳಂತೆ.

ಹಾಲವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಬೇಗ ಎದ್ದು, ತಲೆ ಬಾಚಿ, ಇಳಕಲ್ ಸೀರೆ ಉಟ್ಟು ಮೊಬೈಲಿನ ಮುಂದೆ ಕೂಡತೊಡಗಿದಳು.

"ದನಿ ಅಷ್ಟ ಹೋಗೂದಲ್ಲ, ಸೀರಿ ಯಾರಿಗೆ ಕಾಣತೈತಿ?" ಎಂದು ಪರಮೇಶಪ್ಪ ಕೇಳಿದ.

"ಉಟ್ಟರ ದನಿನ ಬ್ಯಾರೆ ಬರತೈತಿ. ನಿಮಗ ತಿಳಿಯೂದಿಲ್ಲ ಸುಮ್ಮಕಿರ್ರಿ."

ಆ ಹುಮ್ಮಸ್ಸಿನಲ್ಲಿಯೇ ಅವಳ ತಲೆಗೆ ಅಣಕು ಪ್ರದರ್ಶನದ ವಿಚಾರ ಹೊಕ್ಕದ್ದು. ಟಿವಿಯಲ್ಲಿ ನೋಡಿದ್ದಳು: ಸೈರನ್ ಕೂಗುತ್ತದೆ, ಬೆಂಕಿ ಬಿದ್ದಿದೆ ಎಂದು ತಿಳಿದು ಎಲ್ಲರೂ ಶಿಸ್ತಾಗಿ ಮೆಟ್ಟಿಲಿಳಿದು ಬರುತ್ತಾರೆ, ಒಬ್ಬರು ಎಣಿಸುತ್ತಾರೆ. ಬೆಂಕಿ ಇರುವುದಿಲ್ಲ, ಆದರೆ ಇದ್ದರೆ ಏನು ಮಾಡಬೇಕೆಂದು ಎಲ್ಲರಿಗೂ ತಿಳಿದಿರುತ್ತದೆ. ಅಗ್ನಿಶಾಮಕ ದಳದ ದಿಲಾವರ ಎಂಬವನು ನಬೀಸಾಬನಿಗೆ ಪರಿಚಯ, ತಡಸದವನು. ರಜೆಯ ದಿನ ಬಂದು ಕಲಿಸಿಕೊಡುತ್ತೇನೆ ಎಂದು ಒಪ್ಪಿದ. ಮೃತ್ಯುಂಜಯ ಸಾಹೇಬರು ಮಾತ್ರ ತಲೆಯಾಡಿಸಿದರು.

"ಜನ ಬರೂದಿಲ್ಲ ಹಾಲವ್ವ. ಆರು ವರ್ಷ ಈ ಕುರ್ಚಿ ಮ್ಯಾಲೆ ಕುಂತು ಹೇಳಿ ನೋಡೇನಿ."

"ಸೈರನ್ ಹೊಡದ ಐದು ನಿಮಿಷದಾಗ ಎಲ್ಲಾರನ್ನೂ ಕೆಳಗ ನಿಂದರಸ್ತೇನಿ ನೋಡ್ರಿ," ಎಂದಳು ಹಾಲವ್ವ. ಅಂದ ಮೇಲೆ ಅವಳಿಗೇ ಸ್ವಲ್ಪ ಹೆಚ್ಚಾಯಿತೇನೋ ಅನಿಸಿತು. ಆದರೆ ಅಂದಾಗಿತ್ತು.

ಏಪ್ರಿಲ್ಲಿನ ಭಾನುವಾರ. ಬಿಸಿಲು ಬೆಳಗಿನಿಂದಲೇ ಕಾದ ಹಂಚಿನ ಹಾಗೆ. ದಿಲಾವರ ಊಟದ ನಂತರ ಬರುವವನಿದ್ದ. ಅಲ್ಲಿಯವರೆಗೆ ಕೈ ಖಾಲಿ ಯಾಕೆಂದು ಹಾಲವ್ವ ವರ್ಷದ ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕುಳಿತಳು. ಪರಮೇಶಪ್ಪ ಊಟ ಮಾಡಿ, ಒಳಕೋಣೆಯ ಬಾಗಿಲು ಹಾಕಿಕೊಂಡು, ಕೂಲರು ಹಚ್ಚಿ ಮಲಗಿದ. ಅವನ ನಿದ್ದೆ ಅಂದರೆ ನಿದ್ದೆ. ಅಂಗಡಿಯಲ್ಲಿ ಗೊಬ್ಬರದ ಚೀಲಗಳ ಮೇಲೆ ಮಲಗಿದರೆ ಗಿರಾಕಿಗಳು ಅವನನ್ನೂ ಚೀಲವೆಂದುಕೊಂಡು ವಾಪಸು ಹೋಗುತ್ತಿದ್ದರು.

ಎರಡನೆಯ ಸುತ್ತಿನ ಮೆಣಸಿನಕಾಯಿ ಬಾಣಲೆಗೆ ಬಿದ್ದಿತ್ತಷ್ಟೆ, ಫೋನು ಬಂತು. ದಿಲಾವರ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಕೆಳಗೆ ನಿಂತಿದ್ದ. ಹಾಲವ್ವ ಕೈ ಝಾಡಿಸಿ, ಸೆರಗು ಸರಿಮಾಡಿ, ಚಾವಿಯ ಗೊಂಚಲು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ದಿಲಾವರ ಕೈಯಿಂದ ತಿರುಗಿಸುವ ಸೈರನ್ ಒಂದನ್ನು ತಂದಿದ್ದ. ತಿರುಗಿಸಿದ. ಅದು ಮೊದಲು ನರಳಿ, ಆಮೇಲೆ ಏರಿ, ಓಣಿಯ ನಾಯಿಗಳೆಲ್ಲ ಜೊತೆಗೂಡುವಷ್ಟು ಕೂಗಿತು. ಹಾಲವ್ವ ಮೆಟ್ಟಿಲ ಬಾಗಿಲಿಗೆ ಕಣ್ಣು ಹಚ್ಚಿ ನಿಂತಳು. ಯಾರೂ ಬರಲಿಲ್ಲ. ದಿಲಾವರ ಕೈ ಬದಲಿಸಿ ಮತ್ತೆ ತಿರುಗಿಸಿದ. ನಾಲ್ಕನೆಯ ಮಹಡಿಯ ಕಿಟಕಿ ತೆರೆದು ಮೃತ್ಯುಂಜಯ ಸಾಹೇಬರ ಸೊಸೆ ಐಶ್ವರ್ಯ ಬಗ್ಗಿ ನೋಡಿದಳು.

"ಕುಲ್ಫಿ ಏನ್ರಿ ಅದು?"

"ಬೆಂಕಿ ಐತಿ," ಎಂದಳು ಹಾಲವ್ವ.

"ಹಂಗಾರ ಬ್ಯಾಡ್ರಿ," ಎಂದು ಐಶ್ವರ್ಯ ಕಿಟಕಿ ಹಾಕಿಕೊಂಡಳು.

ಕಡೆಗೆ ಹಾಜರಾಬಿ ಒಬ್ಬಳು ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು, ಗೆಳತಿಯ ಮಾನ ಕಾಯಲು ಇಳಿದು ಬಂದಳು. ಐದು ನಿಮಿಷವಾಗಿ ಹತ್ತಾಯಿತು. ದಿಲಾವರ ಪಾಪ, ಕೈ ಒರೆಸಿಕೊಂಡು, "ಸೆಕಿ ಭಾಳ ಐತ್ರಿ, ಎಲ್ಲಾರೂ ಮಲಗಿರಬೇಕು," ಎಂದ. ಆ ಕರುಣೆಯೇ ಹಾಲವ್ವನಿಗೆ ತಡೆಯಲಾಗಲಿಲ್ಲ. ಮೊಬೈಲು ಎತ್ತಿ ಬಾಯಿಗೆ ಹಿಡಿದಳು.

"ಹಾಲವ್ವ ಮಾತಾಡಾಕತ್ತೇನಿ. ನೀರಿನ ಟ್ಯಾಂಕರ್ ಬಂದೇತಿ."

ಅಷ್ಟೇ ಹೇಳಿದ್ದು. ನಲ್ಲಿ ನೀರು ಬಂದು ವಾರವಾಗಿತ್ತು. ಮೊದಲು ಮೇಲೆ ಎಲ್ಲೋ ಒಂದು ಕೊಡ ಢಣ್ ಎಂದಿತು. ಆಮೇಲೆ ಕಟ್ಟಡವೇ ಢಣಗುಟ್ಟಿತು. ಕೊಡ, ಬಕೆಟ್ಟು, ಹಂಡೆ, ಮಗುವಿನ ಸ್ನಾನದ ತೊಟ್ಟಿ, ಪ್ರೆಶರ್ ಕುಕ್ಕರು, ಕೈಗೆ ಸಿಕ್ಕದ್ದನ್ನು ಹಿಡಿದು ಜನ ಮೆಟ್ಟಿಲ ಮೇಲಿಂದ ಸುರಿದರು. ನಬೀಸಾಬ ಎರಡು ಕೊಡಗಳ ನಡುವೆ ಇಳಿದ. ಮೃತ್ಯುಂಜಯ ಸಾಹೇಬರು ಬನಿಯನ್ನಿನಲ್ಲಿ, ಐಶ್ವರ್ಯ ತಲೆಗೆ ಹಚ್ಚಿದ ಮೆಹಂದಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ದಿಲಾವರ ಗಡಿಯಾರ ನೋಡಿ ಬೆರಗಾದ.

"ಎರಡ ನಿಮಿಷ ಆಗಿಲ್ರಿ. ಒಬ್ಬರೂ ಲಿಫ್ಟ್ ಹತ್ತಿಲ್ಲ. ಭಾಳ ಛಲೋ."

"ಟ್ಯಾಂಕರ್ ಎಲ್ಲೈತಿ?" ಎಂದರು ಜನ.

ಹಾಲವ್ವ ಗಂಟಲು ಸರಿಮಾಡಿಕೊಂಡಳು. ಟ್ಯಾಂಕರ್ ಇಲ್ಲ, ಇದು ಅಣಕು ಬೆಂಕಿ, ಸೈರನ್ನಿಗೆ ಬರಲಿಲ್ಲವಾದ್ದರಿಂದ ಹಾಗೆ ಹೇಳಿದೆ ಎಂದಳು. ಖಾಲಿ ಕೊಡಗಳು ಒಂದೊಂದಾಗಿ ನೆಲಕ್ಕೆ ಕುಳಿತವು. ಒಬ್ಬರು ನಿದ್ದೆ ಕೆಟ್ಟಿತು ಎಂದರು, ಒಬ್ಬರು ಸೆಕ್ರೆಟರಿಯೇ ಸುಳ್ಳು ಹೇಳಿದರೆ ಹೇಗೆ ಎಂದರು. ಮೃತ್ಯುಂಜಯ ಸಾಹೇಬರು ಬನಿಯನ್ನಿನ ಮೇಲೆ ಕೈಕಟ್ಟಿ, "ಇದು ನಿಯಮಬಾಹಿರ," ಎಂದರು. ಹಾಲವ್ವನ ಮುಖ ಕೆಂಪೇರಿತು. ಇಷ್ಟು ದಿನ ನೆಲ ಬಿಟ್ಟಿದ್ದ ಅವಳ ಕಾಲು ಆಗ ಮೊದಲ ಸಲ ನೆಲ ಮುಟ್ಟಿತು.

ಅಷ್ಟರಲ್ಲಿ ನಬೀಸಾಬ ಸೀನಿದ. ಅವನ ಹಿಂದೆ ಐಶ್ವರ್ಯ. ಆಮೇಲೆ ಮೆಟ್ಟಿಲ ಹತ್ತಿರ ನಿಂತವರೆಲ್ಲ ಸಾಲಾಗಿ ಸೀನತೊಡಗಿದರು. ಘಾಟು ಎಂದರೆ ಅಂಥಿಂಥ ಘಾಟಲ್ಲ. ಮೂಗಿಗೆ ಹೊಕ್ಕರೆ ನೆತ್ತಿಯವರೆಗೆ ಹೋಗಿ ಅಲ್ಲಿ ಕೂತು ಕುಟುಕುವಂಥದ್ದು. ಎಲ್ಲರೂ ತಲೆ ಎತ್ತಿ ನೋಡಿದರು. ಮೂರನೆಯ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಹೊರಬರುತ್ತಿತ್ತು.

ಹಾಲವ್ವನಿಗೆ ಮೆಣಸಿನಕಾಯಿಯ ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ನೆನಪಾಗಿ ಗೆಳತಿಯ ತೋಳು ಹಿಡಿದಳು.

"ಹಾಜರಾಬಿ, ನಮ್ಮನಿಯವರು ಒಳಗ ಮಲಕೊಂಡಾರ."

ಆಮೇಲೆ ಆದದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಈಗಷ್ಟೇ ಬಯ್ಯುತ್ತಿದ್ದ ಜನವೆಲ್ಲ ಕೊಡಗಳ ಸಮೇತ ಮೆಟ್ಟಿಲೇರಿತು ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಕೊಡಗಳಲ್ಲಿ ಹನಿ ನೀರಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ದಿಲಾವರ ಎಲ್ಲರಿಗಿಂತ ಮುಂದಿದ್ದ. "ಮೂಗಿಗೆ ಅರಿವಿ ಕಟ್ಕೋರಿ, ಬಗ್ಗಿ ನಡೀರಿ," ಎಂದು ಕೂಗುತ್ತ ಹೋಗಿ, ಹಾಲವ್ವನ ಕೈಯಿಂದ ಮನೆಯ ಚಾವಿ ಕಸಿದು ಬಾಗಿಲು ತೆರೆದು, ಅಡುಗೆಮನೆಗೆ ನುಗ್ಗಿ ಗ್ಯಾಸ್ ಬಂದ್ ಮಾಡಿದ. ಬಾಣಲೆಯ ಮೇಲೆ ತಟ್ಟೆ ಮುಚ್ಚಿದ. ಕಿಟಕಿಗಳನ್ನು ಅಗಲ ತೆರೆದ. ಉರಿ ಎಂಬುದು ಎಲ್ಲಿಯೂ ಇರಲಿಲ್ಲ, ಮೆಣಸಿನಕಾಯಿ ಸುಟ್ಟು ಇದ್ದಿಲಾಗಿತ್ತು, ಅಷ್ಟೇ.

ಮುಗಿಯಿತು ಎನ್ನುವಾಗ ಮೃತ್ಯುಂಜಯ ಸಾಹೇಬರು ಬಂದರು. ಮೆಟ್ಟಿಲ ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರು ಅವರ ತೋಳಲ್ಲಿತ್ತು. ಅದನ್ನು ತರಿಸಿ, ತೂಗುಹಾಕಿಸಿ, "ಅನುಮತಿಯಿಲ್ಲದೆ ಮುಟ್ಟತಕ್ಕದ್ದಲ್ಲ" ಎಂದು ಬರೆಸಿದವರು ಅವರೇ. ಆರು ವರ್ಷ ಅದರ ಧೂಳು ಒರೆಸಿದ್ದರು, ತಾರೀಕು ನೋಡಿ ಮತ್ತೆ ತುಂಬಿಸಿ ತಂದಿದ್ದರು, ಒಂದು ಸಲವೂ ಬಳಸುವ ಯೋಗ ಬಂದಿರಲಿಲ್ಲ.

"ಆರೇತ್ರಿ, ಬ್ಯಾಡ," ಎಂದ ದಿಲಾವರ. ಕೆಮ್ಮಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಸಾಹೇಬರು ಪಿನ್ನು ಎಳೆದರು. ಒಂದು ಸಲ ಬುಸ್ಸೆಂದಿತು, ಅಷ್ಟೇ, ಜಗತ್ತು ಬೆಳ್ಳಗಾಯಿತು. ಪಡಸಾಲೆ, ಟಿವಿ, ಸೋಫಾ, ಗೋಡೆಯ ಮೇಲಿನ ಹಿರಿಯರ ಫೋಟೋ, ಕೊಡ ಹಿಡಿದು ನಿಂತ ಜನ, ಎಲ್ಲದರ ಮೇಲೂ ಜರಡಿ ಹಿಡಿದ ಹಿಟ್ಟಿನ ಹಾಗೆ ಪುಡಿ ಇಳಿಯಿತು. ಸಾಹೇಬರು ಹಿಡಿಕೆ ಒತ್ತಿದ ಕೈ ಬಿಡುವುದನ್ನೇ ಮರೆತಿದ್ದರು. ಸಿಲಿಂಡರು ತಾನಾಗಿ ಮುಗಿದ ಮೇಲೆಯೇ ನಿಂತದ್ದು.

ಆ ಹೊತ್ತಿಗೆ ಒಳಕೋಣೆಯ ಬಾಗಿಲು ತೆರೆಯಿತು. ಪರಮೇಶಪ್ಪ ಲುಂಗಿ ಬಿಗಿಯುತ್ತ ಹೊರಬಂದ. ಅವನ ಮುಂದೆ ತಲೆಯಿಂದ ಕಾಲಿನವರೆಗೆ ಬಿಳುಪಾದ ಇಪ್ಪತ್ತು ಮೂವತ್ತು ಆಕೃತಿಗಳು, ಒಂದೊಂದರ ಕೈಯಲ್ಲೂ ಒಂದೊಂದು ಕೊಡ. ಪರಮೇಶಪ್ಪ ಅವರನ್ನು ಎಡದಿಂದ ಬಲಕ್ಕೆ ನೋಡಿದ.

"ನಾ ಸತ್ತೇನೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಇನ್ನೂ ಇಲ್ಲ," ಎಂದಿತು ಒಂದು ಬಿಳಿಯ ಆಕೃತಿ, ಹಾಲವ್ವನ ದನಿಯಲ್ಲಿ. "ಕೆಳಗ ನಡೀರಿ."

ಹಾಜರಾಬಿಯೇ ಮೊದಲು ನಕ್ಕದ್ದು. ಅವಳು ನಕ್ಕರೆ ಮೊದಲು ಸದ್ದಿರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಭುಜ ಕುಣಿದಂತೆ ಮೈಮೇಲಿನ ಪುಡಿ ಹೊಗೆಯಾಗಿ ಎದ್ದಿತು. ಅದನ್ನು ನೋಡಿ ನಬೀಸಾಬ ನಕ್ಕ, ಅವನ ಗಡ್ಡದಿಂದ ಪುಡಿ ಉದುರಿತು. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಕೆಮ್ಮುತ್ತಿದ್ದಾರೆ, ಯಾರು ಸೀನುತ್ತಿದ್ದಾರೆ ಎಂದು ಬೇರೆ ಮಾಡಿ ಹೇಳುವಂತಿರಲಿಲ್ಲ. ಪರಮೇಶಪ್ಪನಿಗೆ ಏನೂ ಆಗಿಲ್ಲವೆಂದು ಅವನೇ ಹೇಳಿದರೂ ಕೇಳದೆ, ಅವನನ್ನು ಕುರ್ಚಿಯ ಮೇಲೆ ಕೂಡಿಸಿ, ನಾಲ್ಕು ಜನ ಹೊತ್ತು, ಮೂರು ಮಹಡಿ ಇಳಿಸಿದರು. ಉಳಿಸಲು ಅಷ್ಟು ದೂರ ಹತ್ತಿ ಬಂದ ಮೇಲೆ ಒಬ್ಬನನ್ನಾದರೂ ಉಳಿಸದೆ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ.

ಕೆಳಗೆ ಬಂದು ನಿಂತಾಗ ಹಾಲವ್ವನ ನಗೆ ನಿಂತಿತು. ಸೊಂಟದ ಚಾವಿ ಗೊಂಚಲು ಬಿಚ್ಚಿ ಮೃತ್ಯುಂಜಯ ಸಾಹೇಬರ ಮುಂದೆ ಹಿಡಿದಳು.

"ಗ್ಯಾಸ್ ಬಂದ್ ಮಾಡೂದು ನಾ ಮರತೇನ್ರಿ. ಊರ ಮಂದಿಗೆಲ್ಲ ಹೇಳಿ ನಾನ ಮರತೆ. ಇದನ್ನ ನೀವ ಇಟ್ಕೋರಿ."

ಸಾಹೇಬರು ಚಾವಿ ನೋಡಿದರು. ಅವರ ಹುಬ್ಬು, ಮೀಸೆ, ಕನ್ನಡಕ ಎಲ್ಲ ಬೆಳ್ಳಗಿದ್ದವು. ಆದರೆ ಆ ಮುಖದಲ್ಲಿ ಯಾರೂ ಕಂಡಿರದ ಒಂದು ಬೆಳಕಿತ್ತು, ಜೋಕಾಲಿಯಿಂದ ಈಗಷ್ಟೇ ಇಳಿದ ಹುಡುಗನ ಬೆಳಕು.

"ಬ್ಯಾಡ ತಾಯಿ," ಎಂದರು. "ನನ್ನ ಕಾಲದಾಗ ಇಷ್ಟು ಮಂದಿ ಒಂದ ಕಡೆ ನಿಂತಿದ್ದನ್ನ ನಾ ನೋಡಿಲ್ಲ. ನೀನ ನಡಸು."

"ಹೇಳಿದ್ದನ್ನ ಪೂರಾ ಮಾಡು ಮೊದಲ," ಎಂದ ನಬೀಸಾಬ. "ಟ್ಯಾಂಕರ್ ಬಂತು ಅಂದಿದ್ದಿಯಲ್ಲ ಅಕ್ಕ, ಕರಸು ಮತ್ತ. ಈ ಮೈ ಹೊತ್ತು ನಾ ಮನಿಯೊಳಗ ಹೋಗೂದಿಲ್ಲ."

ಹಾಲವ್ವ ಟ್ಯಾಂಕರಿನ ಅಯಾಜ್‌ಗೆ ಫೋನು ಮಾಡಿದಳು. ಬರುವವರೆಗೆ ಪುಡಿ ಝಾಡಿಸಿಕೊಳ್ಳಿರಿ, ಕಣ್ಣು ಮಾತ್ರ ಉಜ್ಜಬೇಡಿರಿ ಎಂದು ದಿಲಾವರ ಹೇಳಿದ್ದರಿಂದ ಎಲ್ಲರೂ ಒಬ್ಬರ ಬೆನ್ನು ಒಬ್ಬರು ಬಡಿಯುತ್ತ ನಿಂತರು. ಬಡಿದಷ್ಟೂ ಪುಡಿ ಎದುರಿನವರ ಮೇಲೆ ಹೋಗುತ್ತಿತ್ತು. ಟ್ಯಾಂಕರ್ ಗೇಟಿನೊಳಗೆ ತಿರುಗಿತು, ಅಯಾಜ್ ತಲೆ ಹೊರಹಾಕಿ ನೋಡಿದ.

"ಯಾವ ಹಬ್ಬರಿ ಇದು?"

"ನೀ ಪೈಪ್ ಬಿಡಪ್ಪ," ಎಂದಳು ಹಾಲವ್ವ.

ಪೈಪು ಬಿಟ್ಟ. ಮೊದಲು ಮಕ್ಕಳ ಮುಖ ತೊಳೆದರು, ಆಮೇಲೆ ಹಿರಿಯರದು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಏಪ್ರಿಲ್ಲಿನ ಆ ಮಧ್ಯಾಹ್ನ ತಣ್ಣೀರು ಮೈಗೆ ತಾಕಿದ ಮೇಲೆ ನಿಲ್ಲಿಸುವ ಶಕ್ತಿ ಯಾರಿಗಿತ್ತು? ಐಶ್ವರ್ಯ ಒಂದು ಚೊಂಬು ನೀರನ್ನು ಮಾವನವರ ಬೆನ್ನಿಗೆ ಸುರಿದು, ಸುರಿದ ಮೇಲೆ ಗಾಬರಿಯಾದಳು. ಮಾವನವರು ಹಂಡೆ ಎತ್ತಿಕೊಂಡರು. ಹಾಜರಾಬಿಯ ಎರಡು ಬಗೆಯ ಚಪ್ಪಲಿಗಳು ತೇಲಿ ಬೇರೆ ಬೇರೆ ದಿಕ್ಕಿಗೆ ಹೋದವು. ಪರಮೇಶಪ್ಪ ಕುರ್ಚಿಯಿಂದ ಏಳದೆ ನೆನೆದ. ಹೋಗುವ ನೀರು ದಂಡವಾಗಬಾರದೆಂದು ಹಾಲವ್ವ ನಡುವೆ ಓಡಾಡಿ, ಎಲ್ಲರನ್ನೂ ಬೇವಿನ ಗಿಡಗಳ ಪಾತಿಯಲ್ಲಿ ನಿಲ್ಲಿಸಿದಳು. ಅವಳೂ ಪಾತಿಯಲ್ಲಿ ನಿಂತಳು. ಉಟ್ಟದ್ದು ಇಳಕಲ್ ಸೀರೆ ಎಂಬುದು ನೆನಪಾದಾಗ ಅದು ಆಗಲೇ ಮೈಗಂಟಿತ್ತು.

ಮನೆಯೊಳಗಿನ ಘಾಟು ಇಳಿಯುವವರೆಗೆ ಯಾರೂ ಮೇಲೆ ಹೋಗುವಂತಿರಲಿಲ್ಲ. ಆದ್ದರಿಂದ ದಿಲಾವರನ ಪಾಠಕ್ಕೆ ಎಲ್ಲರೂ ಕುಳಿತರು. ಒದ್ದೆ ಬಟ್ಟೆಯಲ್ಲಿ, ಬೋರಲು ಹಾಕಿದ ಕೊಡಗಳ ಮೇಲೆ ಕುಳಿತು, ಮೇನ್ ಸ್ವಿಚ್ ಎಲ್ಲಿದೆ, ಉರಿಯುವ ಎಣ್ಣೆಗೆ ನೀರು ಯಾಕೆ ಹಾಕಬಾರದು, ಹೊಗೆ ತುಂಬಿದರೆ ಯಾಕೆ ಬಗ್ಗಿ ನಡೆಯಬೇಕು ಎಂಬುದನ್ನೆಲ್ಲ ಕೇಳಿದರು, ಪ್ರಶ್ನೆ ಕೇಳಿದರು. ಮೃತ್ಯುಂಜಯ ಸಾಹೇಬರು ಎಲ್ಲರಿಗಿಂತ ಮುಂದೆ ಕುಳಿತಿದ್ದರು. ಸಿಲಿಂಡರನ್ನು ಬೆಂಕಿಯ ಬುಡಕ್ಕೆ ಹಿಡಿಯಬೇಕು, ಜನರ ಮುಖಕ್ಕಲ್ಲ ಎಂದು ದಿಲಾವರ ಹೇಳಿದಾಗ ಅವರು ಗಂಭೀರವಾಗಿ ತಲೆಯಾಡಿಸಿದರು.

ಸಂಜೆ ಗಾಳಿ ತಿರುಗಿದ ಮೇಲೆ ಹಾಲವ್ವ ಮತ್ತು ಹಾಜರಾಬಿ ಮೆಟ್ಟಿಲು ತೊಳೆಯಲು ನಿಂತರು. ಹಾಲವ್ವ ನೀರು ಸುರಿಯುತ್ತಿದ್ದಳು, ಹಾಜರಾಬಿ ಕಸಬರಿಗೆ ಎಳೆಯುತ್ತಿದ್ದಳು. ಬಿಳಿಯ ನೀರು ಹಾಲು ಉಕ್ಕಿದ ಹಾಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಹಾಜರಾಬಿ ಕಸಬರಿಗೆ ಗೋಡೆಗೆ ಆನಿಸಿ ನಿಂತಳು.

"ಹಾಲಕ್ಕ, ಪರಮೇಶಣ್ಣ ನಮ್ಮನ್ನೆಲ್ಲ ಎಲ್ಲಿಯವರಂತ ತಿಳಕೊಂಡಿದ್ರು?"

"ದೇವರ ಲೋಕದವರಂತ."

"ಕೊಡ ಹಿಡಕೊಂಡು?"

"ಅಲ್ಲೂ ನೀರು ಬಂದಿಲ್ಲೇನೋ ಅನಕೊಂಡ್ರಂತ."

ಹಾಜರಾಬಿಯ ಭುಜ ಕುಣಿಯತೊಡಗಿತು. ಹಾಲವ್ವ ಬಕೆಟ್ಟು ಕೆಳಗಿಟ್ಟು ಒದ್ದೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಏನಾಯ್ತ್ರಿ, ಯಾರರ ಬಿದ್ರೇನು ಎಂದು ನಬೀಸಾಬ ಮೇಲಿನಿಂದ ಕೂಗಿ ಕೇಳಿದ. ಹಾಲವ್ವ ಕೈಗೆಟುಕಿದ ಕಸಬರಿಗೆಯನ್ನು ಮೇಲಕ್ಕೆತ್ತಿ ಇಲ್ಲವೆಂದು ಅಲ್ಲಾಡಿಸಿದಳು.